ಕೋಲ್ಡ್ ರೂಮಿಗೆ ಹೋದ ಚಿಟ್ಟೆಗಳು

೨೦೧೮ರಲ್ಲಿ ನಾನು ಹೈದರಾಬಾದಿನ ಅಂಚಿನಲ್ಲಿರುವ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ತೋಟಗಾರಿಕೆ ಅಧಿಕಾರಿಯಾಗಿದ್ದೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಊರು ಗದಗ ಕಡೆ. ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿ, ಮದುವೆಗೂ ಮುಂಚೆ ಈ ನೌಕರಿಗೆ ಬಂದವನು, ಇಲ್ಲೇ ತಲೆ ಬೆಳ್ಳಗಾಯಿತು. ಕಾರ್ಖಾನೆಯೊಳಗೆ ಏನು ತಯಾರಾಗುತ್ತದೆ ಎಂಬುದು ರಕ್ಷಣಾ ಇಲಾಖೆಗೆ ಸಂಬಂಧಿಸಿದ್ದು, ನನಗೂ ಪೂರ್ತಿ ಗೊತ್ತಿರಲಿಲ್ಲ. ನನ್ನ ಪಾಲಿಗೆ ಬಂದದ್ದು ಕಾಂಪೌಂಡಿನ ಒಳಗಿನ ಹಸಿರು: ಲಾನು, ಕುಂಡಗಳು, ಕಾಲೊನಿಯ ಗಿಡಮರ, ಸಮಾರಂಭಗಳಿಗೆ ಬೊಕೆ ಮತ್ತು ವೇದಿಕೆಯ ಹೂವಿನ ಅಲಂಕಾರ.

ನಿವೃತ್ತರಾದವರು ಇಂಥ ಬರಹದಲ್ಲಿ ತಮ್ಮ ಸಾಹಸ ಹೇಳಿಕೊಳ್ಳುತ್ತಾರೆ. ನನ್ನಲ್ಲಿ ಹಾಗೆ ಹೇಳಿಕೊಳ್ಳುವಂಥದ್ದು ಒಂದೂ ಇಲ್ಲ. ಈ ಪ್ರಕರಣ ನೆನಪಾದಾಗಲೆಲ್ಲ ನನಗೆ ಬರುವುದು ಹೇಸಿಗೆ. ಬೇರೆಯವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

ನಮ್ಮ ಕಾಂಪೌಂಡಿನ ಹಿಂಭಾಗದಲ್ಲಿ ಇಪ್ಪತ್ತೆರಡು ಎಕರೆಯ ಒಂದು ಕಲ್ಲುಗುಡ್ಡವಿದೆ. ತೆಲುಗಿನಲ್ಲಿ ಗುಡ್ಡಕ್ಕೆ ಗುಟ್ಟ ಎನ್ನುತ್ತಾರೆ, ನಾವೆಲ್ಲರೂ ಹಾಗೇ ಕರೆಯುತ್ತಿದ್ದೆವು. ಆನೆಗಾತ್ರದ ಗ್ರಾನೈಟ್ ಬಂಡೆಗಳು, ನಡುವೆ ಬೋರೆ ಮುಳ್ಳು, ತಂಗಡಿ, ಎಕ್ಕ, ಕಾರೆ. ಬೇಸಿಗೆಯಲ್ಲಿ ನೋಡಿದರೆ ಬೆಂಕಿ ಬಿದ್ದು ಹೋದಂತೆ ಕಾಣುತ್ತದೆ. ಎಸ್ಟೇಟಿನ ಭೂಮಿ ರಿಜಿಸ್ಟರಿನಲ್ಲಿ ಅದರ ಮುಂದೆ 'ನಿರುಪಯುಕ್ತ ಕುರುಚಲು' ಎಂದು ಬರೆದವನು ನಾನೇ. ಇಪ್ಪತ್ತು ವರ್ಷ ಪ್ರತಿ ಮಾರ್ಚ್ ತಿಂಗಳಲ್ಲಿ ಅದೇ ಪದಗಳನ್ನು ನಕಲು ಮಾಡಿ ಸಹಿ ಹಾಕಿದೆ. ಒಂದು ಸಲವೂ ಆ ಗುಟ್ಟದ ತಲೆಯ ಮೇಲೆ ಹತ್ತಿ ನೋಡಿರಲಿಲ್ಲ.

ನನಗೆ ಅದನ್ನು ತೋರಿಸಿದವಳು ಭೀಮವ್ವ. ಯಾದಗಿರಿ ಜಿಲ್ಲೆಯಿಂದ ಗಂಡನ ಜೊತೆ ಕಟ್ಟಡದ ಕೂಲಿಗೆಂದು ಬಂದವಳು. ಗಂಡ ತೀರಿಕೊಂಡ ಮೇಲೆ ನಮ್ಮ ತೋಟದ ಗುತ್ತಿಗೆದಾರನ ಕೈಕೆಳಗೆ ಸೇರಿ ಹದಿನೇಳು ವರ್ಷವಾಗಿತ್ತು. ಓದು ಇಲ್ಲ, ಬಾಯಿ ಜೋರು. ಸಾಹೇಬರು ಎಂದು ಯಾರಿಗೂ ವಿಶೇಷ ಮರ್ಯಾದೆ ಕೊಡುವ ಪೈಕಿ ಅಲ್ಲ. ಒಂದು ಮಳೆಗಾಲದಲ್ಲಿ ಗುಟ್ಟದ ಬುಡದ ತಂತಿಬೇಲಿಗೆ ಹಬ್ಬಿದ್ದ ಈಶ್ವರಿ ಬಳ್ಳಿಯನ್ನು ಕಿತ್ತು ಹಾಕಲು ಹೇಳಿದೆ. ಆಕೆ ಕುಡಗೋಲು ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡಳು.

"ಇದನ್ನ ಕೀಳಬ್ಯಾಡ್ರಿ ಸಾಹೇಬ್ರ. ಇದರ ತುಂಬ ಹುಳ ಅದಾವು."

"ಹುಳ ಅದಾವ ಅಂತನ ಕೀಳಾಕ ಹೇಳಾಕತ್ತೀನಿ."

"ಏ, ನೀವೇನ್ ಸಾಲಿ ಕಲ್ತೀರಿ? ಹದಿನೈದ ದಿನ ಬಿಟ್ಟು ಬಂದು ನೋಡ್ರಿ. ಆಮ್ಯಾಲೆ ಬೇಕಾದ್ರ ನನ್ನನ್ನ ಕಿತ್ತು ಒಗೀರಿ."

ಕಂಬಳಿಹುಳ ಚಿಟ್ಟೆಯಾಗುತ್ತದೆ ಎಂದು ನನಗೇನು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನಮ್ಮ ಪಠ್ಯದಲ್ಲಿ ಹುಳ ಎಂದರೆ ಕೀಟ, ಕೀಟದ ಪಕ್ಕದಲ್ಲಿ ಒಂದು ಔಷಧದ ಹೆಸರು, ಲೀಟರಿಗೆ ಎಷ್ಟು ಮಿಲಿ ಎಂಬ ಲೆಕ್ಕ. ಅಷ್ಟೇ. ಹದಿನೈದು ದಿನ ಬಿಟ್ಟು ಹೋದೆ. ಕಪ್ಪು ರೆಕ್ಕೆ, ಅದರ ಮೇಲೆ ಬಿಳಿ ಪಟ್ಟಿ, ಕೆಳಗೆ ಕುಂಕುಮ ಚುಕ್ಕೆ, ಕೆಂಪು ಮೈ. ಕ್ರಿಮ್ಸನ್ ರೋಸ್ ಎಂಬ ಚಿಟ್ಟೆ ಅದು. ಮೂರು, ಬೇಲಿಯ ಮೇಲೆ ರೆಕ್ಕೆ ಒಣಗಿಸುತ್ತ ಕೂತಿದ್ದವು. ಅದರ ಹುಳ ಈಶ್ವರಿ ಬಳ್ಳಿಯ ಜಾತಿಯ ಎಲೆ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ಬಳ್ಳಿ ಕಿತ್ತರೆ ಚಿಟ್ಟೆಯ ವಂಶ ಅಲ್ಲಿಗೆ ಮುಗಿಯಿತು. ಹೀಗೆ ಒಂದೊಂದು ಚಿಟ್ಟೆಯೂ ತಾನು ಮೊಟ್ಟೆ ಇಡುವ ಗಿಡವನ್ನು ಗೊತ್ತುಮಾಡಿಕೊಂಡಿರುತ್ತದೆ. ಅದಕ್ಕೆ ಆಶ್ರಯ ಸಸ್ಯ ಎನ್ನುತ್ತಾರೆ. ಎಕ್ಕಕ್ಕೆ ಪ್ಲೇನ್ ಟೈಗರ್, ತಂಗಡಿಗೆ ಹಳದಿ ಚಿಟ್ಟೆಗಳು, ಬೋರೆಗೆ ಚುಕ್ಕಿಚುಕ್ಕಿಯ ಪುಟ್ಟ ಪಿಯರೋ. ನಾನು ಕಳೆ ಎಂದು ಕೀಳಿಸುತ್ತ ಬಂದದ್ದೆಲ್ಲ ಯಾರದೋ ಊಟದ ತಟ್ಟೆ.

ಆಮೇಲೆ ಆರು ವರ್ಷ ಬಿಡುವಾದಾಗಲೆಲ್ಲ ಗುಟ್ಟಕ್ಕೆ ಹೋಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಅರವತ್ತಮೂರು ಬಗೆ ಗುರುತು ಹಿಡಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭೀಮವ್ವ ಮೊದಲು ಕಂಡು ನನ್ನನ್ನು ಕರೆದದ್ದು. ಹೆಸರು ಆಕೆಗೆ ಬೇಕಿರಲಿಲ್ಲ. ಆಕೆಗೆ ಎಲ್ಲವೂ ಪಾತರಗಿತ್ತಿಯೇ. ಯಾವುದು ಯಾವ ಗಿಡಕ್ಕೆ ಬರುತ್ತದೆ, ಯಾವ ಹೊತ್ತಿಗೆ ಬರುತ್ತದೆ, ಅದು ಗೊತ್ತಿತ್ತು. ಮನೆಯಲ್ಲಿ ನನ್ನ ಹೆಂಡತಿ, "ಆಫೀಸರ್ ನೀವೋ ಆಕಿನೋ?" ಎಂದು ಛೇಡಿಸುತ್ತಿದ್ದಳು. ನಗುತ್ತಿದ್ದೆ. ಒಳಗೆಲ್ಲೋ ಆ ಮಾತು ಚುಚ್ಚುತ್ತಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬೇಕು.

೨೦೧೮ ಕಾರ್ಖಾನೆಯ ಸುವರ್ಣ ಮಹೋತ್ಸವದ ವರ್ಷ. ಕೇಂದ್ರ ಕಚೇರಿಯಿಂದ ಆದೇಶ ಬಂತು: ಪ್ರತಿ ಘಟಕದಲ್ಲೂ ಪರಿಸರಕ್ಕೆ ಸಂಬಂಧಿಸಿದ ಒಂದು 'ಕಾಣುವಂಥ' ಕೆಲಸ ಆಗಬೇಕು. ನಮ್ಮ ಎಸ್ಟೇಟ್ ವಿಭಾಗದ ಮುಖ್ಯಸ್ಥರು ಡಿಜಿಎಂ, ಅಂದರೆ ಉಪ ಮಹಾಪ್ರಬಂಧಕರು. ವಿಜಯಪುರ ಕಡೆಯವರು. ಹೆಸರು ಹೇಳಿ ನಾಲಿಗೆ ಹೊಲಸು ಮಾಡಿಕೊಳ್ಳುವುದಿಲ್ಲ, ಡಿಜಿಎಂ ಎಂದೇ ಕರೆಯುತ್ತೇನೆ. ಅವರು ಚಿಟ್ಟೆ ಉದ್ಯಾನವನ ಎಂದು ತೀರ್ಮಾನಿಸಿದರು. ಎರಡು ಹಂತ. ಮೊದಲನೆಯದು ಗೆಸ್ಟ್ ಹೌಸ್ ಮುಂದಿನ ಒಂದು ಎಕರೆಯಲ್ಲಿ ಹೂವಿನ ಮಡಿಗಳು, ಫೈಬರಿನ ಒಂದು ದೊಡ್ಡ ಚಿಟ್ಟೆ, ಅದರ ರೆಕ್ಕೆಗಳ ನಡುವೆ ನಿಂತು ಸೆಲ್ಫಿ ತೆಗೆದುಕೊಳ್ಳುವ ಜಾಗ. ಎರಡನೆಯದು ಗುಟ್ಟ. ಅದರ ಬುಡದಿಂದ ಅರ್ಧದವರೆಗೆ ಕುರುಚಲು ಸವರಿ, ಸಣ್ಣ ಬಂಡೆಗಳನ್ನು ಒಡೆದು, ಲಾನು ಹಾಸಿ, ವಾಕಿಂಗ್ ಟ್ರ್ಯಾಕ್ ಮಾಡುವುದು.

"ಸರ್, ಚಿಟ್ಟಿ ಇರೋದ ಗುಟ್ಟದಾಗ. ಅದನ್ನ ಕಡದು ಚಿಟ್ಟಿ ಪಾರ್ಕ್ ಮಾಡಾಕ ಬರ್ತೈತೇನ್ರಿ?" ಎಂದು ಕೇಳಿದೆ. ಅರವತ್ತಮೂರು ಹೆಸರಿನ ನೋಟ್‌ಬುಕ್ ಮುಂದಿಟ್ಟೆ.

ಅವರು ಅದನ್ನು ಮುಟ್ಟಲಿಲ್ಲ. "ಪಾಟೀಲರ, ಅಲ್ಲಿ ಹಾವು ಚೇಳು ಅದಾವು. ವಿಐಪಿ ಹೆಂಗಸ್ರು ಹೈ ಹೀಲ್ಸ್ ಹಾಕ್ಕೊಂಡು ಅಲ್ಲಿ ಹೋಗ್ತಾರೇನ್ರಿ? ಪಾತರಗಿತ್ತಿ ಅಂದ್ರ ಹೂವಿನ ಮ್ಯಾಲೆ ಕುಂದರಬೇಕು, ಮುಳ್ಳಿನ ಮ್ಯಾಲಲ್ಲ."

ಕೇಂದ್ರ ಕಚೇರಿ ಒಂದು ಷರತ್ತು ಹಾಕಿತ್ತು. ಮೊದಲ ಹಂತ ಯಶಸ್ವಿಯಾಗಿದೆ, ಚಿಟ್ಟೆಗಳು ಅಲ್ಲಿ ನೆಲೆಗೊಳ್ಳುತ್ತಿವೆ ಎಂದು ತೋಟಗಾರಿಕೆ ಅಧಿಕಾರಿ ಸಹಿ ಮಾಡಿದ ವರದಿ ಕೊಟ್ಟರೆ ಮಾತ್ರ ಎರಡನೆಯ ಹಂತಕ್ಕೆ ಮಂಜೂರಾತಿ. ಹಾಗಾಗಿ ಗುಟ್ಟದ ಹಣೆಬರಹ ನನ್ನ ಸಹಿಯ ಮೇಲೆ ನಿಂತಿತು. ನಾನು ಧೈರ್ಯವಾಗಿದ್ದೆ. ಹೂವಿನ ಮಡಿಗೆ ಮಕರಂದಕ್ಕೆಂದು ನಾಲ್ಕು ಚಿಟ್ಟೆ ಬಂದು ಹೋಗಬಹುದು, ಮೊಟ್ಟೆ ಇಡುವ ಒಂದು ಗಿಡವೂ ಅಲ್ಲಿಲ್ಲ, ನೆಲೆಗೊಳ್ಳುವ ಮಾತೆಲ್ಲಿ? ಸಹಿ ಹಾಕದಿದ್ದರೆ ಆಯಿತು ಎಂದುಕೊಂಡಿದ್ದೆ.

ಉದ್ಘಾಟನೆ ಅಕ್ಟೋಬರಿಗೆ ನಿಗದಿಯಾಯಿತು. ಒಂದು ವಾರ ಮುಂಚೆ ಡಿಜಿಎಂ ಕರೆದು, ಮುಖ್ಯ ಅತಿಥಿಗಳು ಗಾಜಿನ ಪೆಟ್ಟಿಗೆ ತೆರೆದು ಐದುನೂರು ಚಿಟ್ಟೆಗಳನ್ನು ಹಾರಿಬಿಡುತ್ತಾರೆ ಎಂದರು. ಗುತ್ತಿಗೆದಾರ ಎಲ್ಲೋ ಒಂದು ಚಿಟ್ಟೆ ಸಾಕಣೆ ಕೇಂದ್ರದಿಂದ ತರಿಸುತ್ತಾನಂತೆ. ಯಾವ ಕೇಂದ್ರ ಎಂದು ನಾನು ಆಗಲೇ ಕೇಳಬೇಕಿತ್ತು. ಆದರೂ ಸುಮ್ಮನಿದ್ದೆ. ಸರ್ಕಾರಿ ನೌಕರಿಯಲ್ಲಿ ಸುಮ್ಮನಿರುವುದು ಉಸಿರಾಟದಷ್ಟು ಸಲೀಸಾಗಿ ರೂಢಿಯಾಗುತ್ತದೆ.

ಸಮಾರಂಭದ ಹಿಂದಿನ ದಿನ ಮಧ್ಯಾಹ್ನ ಭೀಮವ್ವ ನನ್ನ ಆಫೀಸಿನ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಸೊಳ್ಳೆಪರದೆ ಕತ್ತರಿಸಿ ಬಿದಿರಿನ ಕಡ್ಡಿಗೆ ಹೊಲಿದ ಬಲೆ. ಮುಂಗೈ ತುಂಬ ಮುಳ್ಳು ಗೀರಿದ ಗಾಯ.

"ಸಾಹೇಬ್ರ, ಯಾವ ಕೇಂದ್ರದಿಂದನೂ ಬಂದಿಲ್ರಿ. ಮೂರ ದಿನದಿಂದ ನಮ್ಮ ಕಡಿಂದನ ಗುಟ್ಟದಾಗ ಹಿಡಸಾಕತ್ತಾರ. ಹಿಡೀಲಿಲ್ಲ ಅಂದ್ರ ಹಾಜರಿ ಇಲ್ಲ ಅಂದಾನ ಮೇಸ್ತ್ರಿ."

ಅಕ್ಟೋಬರಿನಲ್ಲಿ ಗುಟ್ಟದ ಹಿಂಬದಿಯಲ್ಲಿ ಗಿಲಿಕೆ ಗಿಡಗಳು ಒಣಗುತ್ತವೆ, ಅಲ್ಲಾಡಿಸಿದರೆ ಕಾಯಿ ಗಿಲಿಗಿಲಿ ಎನ್ನುತ್ತದೆ. ಆ ಒಣ ಕಾಂಡದ ರಸಕ್ಕೆ ಬ್ಲೂ ಟೈಗರ್ ಚಿಟ್ಟೆಗಳು ನೂರಾರು ಬಂದು ಮುತ್ತುತ್ತವೆ. ಮೈಮರೆತು ಕೂತಿರುತ್ತವೆ, ಕೈ ಹಾಕಿದರೂ ಏಳುವುದಿಲ್ಲ. ಆ ಜಾಗ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಮೇಸ್ತ್ರಿಗೆ ತೋರಿಸಿದವಳು ಆಕೆಯೇ. ಹೊಟ್ಟೆಪಾಡು. ಅದನ್ನು ಹೇಳುವಾಗ ಆಕೆ ನನ್ನ ಮುಖ ನೋಡಲಿಲ್ಲ.

ನಾನು ಡಿಜಿಎಂ ಹತ್ತಿರ ಓಡಿದೆ. ಅವರು ಆರಾಮಾಗಿ ಚಹಾ ಕುಡಿಯುತ್ತಿದ್ದರು. "ಇಲ್ಲೇ ಹಿಡದು ಇಲ್ಲೇ ಬಿಟ್ರ ಏನ್ ಲುಕ್ಸಾನ ಆತ್ರಿ? ಅವಕ್ಕೂ ಒಂದ್ ಸವಾರಿ ಆಗ್ತೈತಿ," ಎಂದು ನಕ್ಕರು. ಥೂ! ಆ ನಗೆ ಇವತ್ತಿಗೂ ಕಿವಿಯಲ್ಲಿದೆ. ಆದರೆ ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ನನಗೂ ಹೌದಲ್ಲ ಎನ್ನಿಸಿತು. ನಾಳೆ ಬಿಟ್ಟರೆ ಮತ್ತೆ ಗುಟ್ಟಕ್ಕೇ ಹೋಗುತ್ತವೆ. ಒಂದು ದಿನ ಜೀವ ಹಿಡಿದುಕೊಂಡರೆ ಸಾಕು.

ಗುತ್ತಿಗೆದಾರನ ಶೆಡ್ಡಿನಲ್ಲಿ ಹನ್ನೆರಡು ರಟ್ಟಿನ ಡಬ್ಬಿಗಳಿದ್ದವು. ಮೇಲೆ ಮೊಳೆಯಿಂದ ತೂತು. ಒಳಗಿನಿಂದ ಸರಸರ ಸದ್ದು. ಒಂದನ್ನು ತೆರೆದು ನೋಡಿದರೆ ಚಿಟ್ಟೆಗಳು ಒಂದರ ಮೇಲೊಂದು ಬಡಿದುಕೊಂಡು, ರೆಕ್ಕೆಯ ಬಣ್ಣವೆಲ್ಲ ಪುಡಿಯಾಗಿ ರಟ್ಟಿಗೆ ಮೆತ್ತಿತ್ತು. ಹೀಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಒಂದಕ್ಕೂ ರೆಕ್ಕೆ ಉಳಿಯುವುದಿಲ್ಲ. ಗುತ್ತಿಗೆದಾರ ತೆಲುಗಿನಲ್ಲಿ, "ಏಂ ಚೇದ್ದಾಂ ಸಾರ್?" ಎಂದು ನನ್ನನ್ನೇ ಕೇಳಿದ. ಏನು ಮಾಡೋಣ ಎಂದು.

ಇಲ್ಲಿ ನನ್ನ ವೃತ್ತಿಯ ಒಂದು ಪದ್ಧತಿ ಹೇಳಬೇಕು. ಸಮಾರಂಭದ ಹೂಗಳನ್ನು ಹಿಂದಿನ ದಿನವೇ ತರಿಸಿ, ಒದ್ದೆ ಪತ್ರಿಕೆಯಲ್ಲಿ ಸುತ್ತಿ, ಕ್ಯಾಂಟೀನಿನ ಕೋಲ್ಡ್ ರೂಮಿನಲ್ಲಿ ನಾಲ್ಕು ಡಿಗ್ರಿಯಲ್ಲಿ ಇಡುತ್ತೇವೆ. ಹಾಲು, ಮೊಸರು, ತರಕಾರಿ ಇಡುವ ಕೋಣೆ ಅದು. ಮರುದಿನ ಬೆಳಿಗ್ಗೆ ಜರ್ಬೆರಾ, ಗುಲಾಬಿ ಈಗ ಕಿತ್ತಂತೆ ಇರುತ್ತವೆ. ಮೂವತ್ತು ವರ್ಷ ನಾನು ಇದನ್ನು ಮಾಡಿಸಿದ್ದೇನೆ, ಒಂದು ಹೂವೂ ಬಾಡಿದ್ದಿಲ್ಲ. ತಣ್ಣಗಿದ್ದರೆ ಚಿಟ್ಟೆ ಅಲ್ಲಾಡದೆ ಕೂರುತ್ತದೆ ಎಂದು ಎಲ್ಲೋ ಓದಿದ್ದೂ ನೆನಪಿತ್ತು. ಎರಡೂ ಸೇರಿ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಚೀಟಿ ಬರೆದೆ: 'ಕ್ಯಾಂಟೀನ್ ಮ್ಯಾನೇಜರರಿಗೆ, ಹನ್ನೆರಡು ಡಬ್ಬಿ, ಹೂವಿನಂತೆಯೇ ಒದ್ದೆ ಪತ್ರಿಕೆ ಹಾಕಿ ಕೋಲ್ಡ್ ರೂಮಿನಲ್ಲಿ ಇಡುವುದು.' ಕೆಳಗೆ ಸಹಿ, ಮೊಹರು.

ಡಬ್ಬಿ ಹೊರಲು ಬಂದ ನಾಲ್ವರಲ್ಲಿ ಭೀಮವ್ವನೂ ಇದ್ದಳು. ಡಬ್ಬಿ ಎತ್ತಿಕೊಂಡವಳು ಹೆಜ್ಜೆ ಇಡದೆ ನಿಂತಳು.

"ಸಾಹೇಬ್ರ, ಬ್ಯಾಡ್ರಿ. ಇವು ಹೂವಲ್ರಿ. ರೆಕ್ಕಿ ತೋಯ್ದ್ರ ಅಂಟಿಕೊಂಡು ಸತ್ತ ಹೋಗ್ತಾವು. ಮಳ್ಯಾಗ ಎಷ್ಟ ನೋಡೀನಿ ನಾ."

ಗುತ್ತಿಗೆದಾರ ಅಲ್ಲೇ ಇದ್ದ. ಕ್ಯಾಂಟೀನಿನ ಇಬ್ಬರಿದ್ದರು. ಅವರೆದುರು ನನ್ನ ಹೆಂಡತಿಯ ಛೇಡಿಕೆ ನೆನಪಾಯಿತೋ ಏನೋ, ಸಿಟ್ಟು ನೆತ್ತಿಗೇರಿತು.

"ಎಲ್ಲಾ ನೀನ ಬಲ್ಲಿ, ನಾ ಮಣ್ಣ ತಿನ್ನಾಕ ಬಂದೀನಿ! ಹೇಳಿದಷ್ಟು ಮಾಡು, ಹೋಗು."

ಆಕೆ ಹೋದಳು. ಆಗ ಹೊತ್ತು ಸಾಯಂಕಾಲ ನಾಲ್ಕು ಗಂಟೆ.

ಮರುದಿನ ಒಂಬತ್ತೂವರೆಗೆ ಡಬ್ಬಿಗಳನ್ನು ಹೊರಗೆ ತಂದು ಗಾಜಿನ ಪೆಟ್ಟಿಗೆಗೆ ಸುರಿದರು. ಅಲ್ಲಾಡದೆ ಬಿದ್ದಿದ್ದವು. ಬಿಸಿಲು ತಾಗಿದರೆ ಏಳುತ್ತವೆ ಎಂದು ನಾನೇ ಎಲ್ಲರಿಗೂ ಹೇಳಿದೆ. ಹತ್ತೂವರೆಗೆ ಮುಖ್ಯ ಅತಿಥಿಗಳು ಬಂದರು. ಬ್ಯಾಂಡು, ಶಾಲು, ದೀಪ. ಕಾರ್ಖಾನೆಯ ಶಾಲೆಯ ಮಕ್ಕಳು ಬೆನ್ನಿಗೆ ಕಾಗದದ ರೆಕ್ಕೆ ಕಟ್ಟಿಕೊಂಡು ಸಾಲಾಗಿ ನಿಂತಿದ್ದರು. ಅತಿಥಿಗಳು ಪೆಟ್ಟಿಗೆಯ ಮುಚ್ಚಳ ತೆಗೆದರು. ಏನೂ ಆಗಲಿಲ್ಲ. ಬ್ಯಾಂಡಿನವರು ಬಾರಿಸುತ್ತಲೇ ಇದ್ದರು. ಅತಿಥಿಗಳು ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿದರು, ಆಮೇಲೆ ಓರೆ ಮಾಡಿ ಅಲ್ಲಾಡಿಸಿದರು. ಒದ್ದೆ ಮುದ್ದೆಯೊಂದು ಜಾರಿ ಅವರ ಬೂಟಿನ ಮೇಲೆ ಬಿತ್ತು. ಅಲ್ಲೊಂದು ಇಲ್ಲೊಂದು ಚಿಟ್ಟೆ ನಡುಗುತ್ತ ಎದ್ದು, ಎರಡು ಮಾರು ಹಾರಿ ಹುಲ್ಲಿಗೆ ಬಿತ್ತು.

ಆಗ ಫೋಟೋಗ್ರಾಫರ್ ಒಂದು ಉಪಾಯ ಹೇಳಿದ. "ಸರ್, ಕೈಯಲ್ಲಿ ಹಿಡಿದು ಮೇಲಕ್ಕೆ ಎಸೀರಿ." ಅತಿಥಿಗಳು ಬೊಗಸೆ ತುಂಬ ತೆಗೆದುಕೊಂಡು, ಮದುವೆಯಲ್ಲಿ ಅಕ್ಷತೆ ಎರಚುವಂತೆ ಮೇಲಕ್ಕೆ ಎರಚಿದರು. ಸತ್ತ ಚಿಟ್ಟೆಗಳು. ಒಂದು ಸಲಕ್ಕೆ ಫೋಟೋ ಸರಿಬರಲಿಲ್ಲ ಎಂದು ಮೂರು ಸಲ. ಡಿಜಿಎಂ ಪಕ್ಕದಲ್ಲಿ ನಿಂತು ಬೊಗಸೆಗೆ ತುಂಬಿಕೊಡುತ್ತಿದ್ದರು. ಮಕ್ಕಳು ಚಪ್ಪಾಳೆ ತಟ್ಟಿದರು, ದೊಡ್ಡವರೂ ತಟ್ಟಿದರು. ಕೆಳಗೆ ಬಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು, ಕಣ್ಣು ಇದ್ದವರು ಎಲ್ಲರೂ ನೋಡಿದರು, ಆದರೂ ತಟ್ಟಿದರು. ಒಂದನೆಯ ತರಗತಿಯ ಒಂದು ಹುಡುಗಿ ಮಾತ್ರ ಬಗ್ಗಿ ಒಂದನ್ನು ಅಂಗೈಯಲ್ಲಿ ತೆಗೆದುಕೊಂಡು ಊದತೊಡಗಿದಳು. ಆಕೆಯ ಟೀಚರ್ ಬಂದು ಕೈ ಝಾಡಿಸಿ, ಸ್ಯಾನಿಟೈಸರ್ ಹಾಕಿ ಕರೆದುಕೊಂಡು ಹೋದರು.

ನಾನು ಗೆಸ್ಟ್ ಹೌಸಿನ ಹಿಂದೆ ಹೋಗಿ ನಿಂತೆ.

ಜನ ಊಟಕ್ಕೆ ಹೋದ ಮೇಲೆ ಭೀಮವ್ವನೂ ನಾನೂ ಕೂತು ಆರಿಸಿದೆವು. ಬೈಯುವ ಹೆಂಗಸು ಬೈಯದಿದ್ದರೆ ಕೂರುವುದೇ ಕಷ್ಟ. ನೆಲದಿಂದ, ಪೆಟ್ಟಿಗೆಯಿಂದ ಸಿಕ್ಕದ್ದು ನಾನೂರ ಮೂವತ್ತೆಂಟು. ನಾನು ಕಣ್ಣಾರೆ ನೋಡಿದಂತೆ ಹಾರಿ ಹೋದದ್ದು ಹತ್ತೊಂಬತ್ತು. ಹೆಚ್ಚಿನವು ಬ್ಲೂ ಟೈಗರ್. ಹದಿನಾಲ್ಕು ಕ್ರಿಮ್ಸನ್ ರೋಸ್. ಆಮೇಲೆ ತಿಳಿದವರನ್ನು ಕೇಳಿದಾಗ ಹೇಳಿದರು: ಬರೀ ತಂಪು ಇಷ್ಟು ಕೊಲ್ಲುತ್ತಿರಲಿಲ್ಲ, ಒದ್ದೆ ಕಾಗದ ಮತ್ತು ಒತ್ತಡ ಕೊಂದವು. ಭೀಮವ್ವ ಹೇಳಿದ್ದೂ ಅದನ್ನೇ.

ನಾಲ್ಕನೆಯ ದಿನಕ್ಕೆ ಫೋಟೋ ಕಾರ್ಖಾನೆಯ ಪತ್ರಿಕೆಯ ಮುಖಪುಟದಲ್ಲಿ ಬಂತು. ನೀಲಿ ಆಕಾಶ, ಅದರ ಕೆಳಗೆ ಎತ್ತಿದ ಕೈಗಳು, ಗಾಳಿಯಲ್ಲಿ ನೂರು ಚಿಟ್ಟೆ. ಸ್ಥಿರ ಚಿತ್ರದಲ್ಲಿ ಸತ್ತದ್ದು ಯಾವುದು, ಹಾರುವುದು ಯಾವುದು, ಯಾರಿಗೆ ಗೊತ್ತಾಗುತ್ತದೆ? ನೋಡಿದವರು ಚೆಂದ ಎಂದರು. ಮಾದಾಪುರದಲ್ಲಿರುವ ನನ್ನ ಷಡ್ಡಕ ಫೋನ್ ಮಾಡಿ ಅಭಿನಂದನೆ ಹೇಳಿದ.

ಅದೇ ವಾರ ಡಿಜಿಎಂ ಟೈಪಾದ ವರದಿಯನ್ನು ನನ್ನ ಮುಂದಿಟ್ಟರು. 'ಐದುನೂರು ಜೀವಂತ ಚಿಟ್ಟೆಗಳನ್ನು ಬಿಡುಗಡೆ ಮಾಡಲಾಯಿತು. ಅವು ಉದ್ಯಾನದಲ್ಲಿ ನೆಲೆಗೊಂಡಿವೆ. ಎರಡನೆಯ ಹಂತಕ್ಕೆ ಶಿಫಾರಸು ಮಾಡಲಾಗಿದೆ.' ಕೆಳಗೆ ನನ್ನ ಹೆಸರು, ಹುದ್ದೆ, ಸಹಿಗೆ ಜಾಗ.

"ಇದಕ್ಕ ನಾ ಸಹಿ ಹಾಕೂದಿಲ್ರಿ," ಎಂದೆ.

ಅವರು ಸಿಟ್ಟಾಗಲಿಲ್ಲ. ಮೇಜಿನ ಖಾನೆ ಎಳೆದು, ನಾನು ಕ್ಯಾಂಟೀನಿಗೆ ಬರೆದ ಚೀಟಿಯನ್ನು ತೆಗೆದು ಗಾಜಿನ ಕೆಳಗೆ ಇಟ್ಟರು. "ಸಹಿ ಇಲ್ಲಿ ಹಾಕೀರಲ್ರಿ. ಇದನ್ನ ನಾ ಮ್ಯಾಲೆ ಕಳಿಸಿದ್ರ ನಿಮ್ಮ ರಿಟೈರ್‌ಮೆಂಟ್ ಏನ್ ಆಗ್ತೈತಿ ವಿಚಾರ ಮಾಡ್ರಿ. ನಮ್ಮ ಕಡಿಯವರು ಅಂತ ಹೇಳಾಕತ್ತೀನಿ."

ನಿವೃತ್ತಿಯ ಹೊತ್ತಿನಲ್ಲಿ ಆರೋಪಪಟ್ಟಿ ಬಿದ್ದರೆ ಬರಬೇಕಾದದ್ದೆಲ್ಲ ತಡೆ ಬೀಳುತ್ತದೆ. ಕೂಕಟ್‌ಪಲ್ಲಿಯ ಫ್ಲಾಟು ಕೊಳ್ಳಲು ಅದನ್ನೇ ನಂಬಿಕೊಂಡಿದ್ದೆವು. ಎರಡು ದಿನ ಅನ್ನ ಸೇರಲಿಲ್ಲ. ಹೆಂಡತಿಗೆ ಹೇಳಿದೆ. ಆಕೆ ಒಲೆ ಆರಿಸಿ ಬಂದು ಎದುರಿಗೆ ಕೂತು, "ನೀವು ಆ ಸುಳ್ಳಿಗೆ ಸಹಿ ಹಾಕಿ ಬಂದ್ರ, ನಿಮ್ಮ ಜೊತಿ ಆ ಫ್ಲಾಟಿನ್ಯಾಗ ನಾ ಹೆಂಗ ಇರ್ಲಿ?" ಎಂದಳು.

ಮೂರನೆಯ ದಿನ ನಾನೇ ಕೈಬರಹದಲ್ಲಿ ಎರಡು ಪುಟದ ಟಿಪ್ಪಣಿ ಬರೆದೆ. ಚಿಟ್ಟೆಗಳನ್ನು ಗುಟ್ಟದಿಂದಲೇ ಹಿಡಿಸಲಾಗಿತ್ತು. ಹಾರಿದ್ದು ಹತ್ತೊಂಬತ್ತು, ಸತ್ತದ್ದು ನಾನೂರ ಮೂವತ್ತೆಂಟು. ಅವುಗಳಲ್ಲಿ ಹದಿನಾಲ್ಕು ವನ್ಯಜೀವಿ ಕಾನೂನಿನ ರಕ್ಷಣೆಯಿದ್ದ ಪ್ರಭೇದ. ಕೋಲ್ಡ್ ರೂಮಿನಲ್ಲಿ ಇಡಲು ಲಿಖಿತ ಸೂಚನೆ ಕೊಟ್ಟವನು ನಾನು, ಅದು ನನ್ನ ತಾಂತ್ರಿಕ ಅಂದಾಜಿನ ತಪ್ಪು, ಚೀಟಿ ಡಿಜಿಎಂ ಅವರ ಬಳಿ ಇದೆ. ಉದ್ಯಾನದಲ್ಲಿ ಒಂದು ಚಿಟ್ಟೆಯೂ ನೆಲೆಗೊಂಡಿಲ್ಲ. ಗುಟ್ಟದ ಅರವತ್ತಮೂರು ಪ್ರಭೇದಗಳ ಪಟ್ಟಿ ಲಗತ್ತಿಸಿದೆ. ಎರಡನೆಯ ಹಂತಕ್ಕೆ ನನ್ನ ವಿರೋಧವಿದೆ. ರಿಜಿಸ್ಟರಿನಲ್ಲಿ ದಾಖಲಿಸಿ, ನೇರ ಕೇಂದ್ರ ಕಚೇರಿಗೆ ಕಳಿಸಿದೆ.

ಬರೆಯುವಾಗ ಒಂದು ಸಾಲಿನ ಹತ್ತಿರ ಪೆನ್ನು ನಿಂತಿತ್ತು. 'ಒದ್ದೆಯಾದರೆ ಸಾಯುತ್ತವೆ ಎಂದು ಕೆಲಸದ ಭೀಮವ್ವ ನನಗೆ ಆಗಲೇ ಹೇಳಿದ್ದಳು, ಹಿಡಿಯುವ ಕೆಲಸವನ್ನೂ ಆಕೆಯಿಂದ ಹಾಜರಿಯ ಬೆದರಿಕೆ ಹಾಕಿ ಮಾಡಿಸಲಾಗಿತ್ತು' ಎಂಬ ಸಾಲು. ಅದನ್ನು ಬರೆಯಲಿಲ್ಲ. ತಾಂತ್ರಿಕ ಅಂದಾಜಿನ ತಪ್ಪು ಎಂದರೆ ಗೌರವವಾಗಿ ಕೇಳಿಸುತ್ತದೆ. ಹೆಬ್ಬೆಟ್ಟಿನ ಹೆಂಗಸೊಬ್ಬಳು ತಿದ್ದಿದರೂ ಕೃಷಿ ಪದವೀಧರ ಕೇಳಲಿಲ್ಲ ಎಂದರೆ ಅದು ತಪ್ಪಲ್ಲ, ಸೊಕ್ಕು. ಪ್ರಾಮಾಣಿಕನಾಗಲು ಹೊರಟವನು ಅದೊಂದು ಸಾಲನ್ನು ಮಾತ್ರ ಜೇಬಿನಲ್ಲಿ ಇಟ್ಟುಕೊಂಡೆ.

ಟಿಪ್ಪಣಿ ಮೇಲೆ ಹೋಗಿ ಬಿದ್ದಿತು. ಗುಟ್ಟದ ಬಗ್ಗೆ ಅಲ್ಲಿ ಯಾರಿಗೂ ಪ್ರೀತಿ ಇರಲಿಲ್ಲ. ಕಾನೂನಿನ ರಕ್ಷಣೆ ಇದ್ದ ಪ್ರಭೇದ ಎಂಬ ಮಾತು ಮಾತ್ರ ಅವರ ನಿದ್ದೆ ಕೆಡಿಸಿತು. ಅಂಥ ಟಿಪ್ಪಣಿ ಇರುವ ಫೈಲಿಗೆ ಮೇಲೆ ಯಾರೂ ಸಹಿ ಹಾಕುವುದಿಲ್ಲ. ಎರಡನೆಯ ಹಂತ ಮುಂದಿನ ಆದೇಶದವರೆಗೆ ನಿಂತಿತು, ಆ ಮುಂದಿನ ಆದೇಶ ಇವತ್ತಿಗೂ ಬಂದಿಲ್ಲ. ಜನವರಿಯಲ್ಲಿ ವಿಚಾರಣೆಯಾಯಿತು. ನನಗೆ ಸಿಕ್ಕ ಶಿಕ್ಷೆ ಸೆನ್ಶೂರ್, ಅಂದರೆ ಸೇವಾ ಪುಸ್ತಕದಲ್ಲಿ ಒಂದು ನಿಂದನೆಯ ಸಾಲು. ಬರಬೇಕಾದದ್ದೆಲ್ಲ ಬಂತು. ಡಿಜಿಎಂ ಅವರಿಗೆ ಬಡ್ತಿ ಸಹಿತ ವರ್ಗಾವಣೆ. ಛೀ, ಬರೆಯಲೂ ಅಸಹ್ಯ.

ವಿಚಾರಣೆಯವರು ಇನ್ನೊಂದು ಪ್ರಶ್ನೆ ಕೇಳಿದ್ದರು: ರಕ್ಷಿತ ಪ್ರಭೇದವನ್ನು ಹಿಡಿದವರು ಯಾರು? ನನ್ನ ಟಿಪ್ಪಣಿಯಲ್ಲಿ 'ಹಿಡಿಸಲಾಗಿತ್ತು' ಎಂದಿತ್ತು, ಹಿಡಿಸಿದವರು ಯಾರು, ಯಾಕೆ ಎಂದಿರಲಿಲ್ಲ. ಗುತ್ತಿಗೆದಾರ ನಾಲ್ಕು ಕೂಲಿಯವರ ಹೆಸರು ಬರೆದುಕೊಟ್ಟ, ಅವರೇ ತಾವಾಗಿ ಹಿಡಿದರೆಂದು. ನಾಲ್ವರ ಗೇಟ್ ಪಾಸ್ ರದ್ದಾಯಿತು. ಮೊದಲ ಹೆಸರು ಭೀಮವ್ವನದು. ನಾನು ಆ ವಾರ ಊರಿಗೆ ಹೋಗಿದ್ದೆ. ವಾಪಸು ಬಂದಾಗ ಆಕೆಯ ಕುಡಗೋಲು ನರ್ಸರಿಯ ಗೂಟಕ್ಕೆ ತೂಗುತ್ತಿತ್ತು, ಆಕೆ ಇರಲಿಲ್ಲ. ಪೂರಕ ಟಿಪ್ಪಣಿ ಬರೆದೆ. ವಿಚಾರಣೆ ಮುಗಿದಿದೆ, ಪರಿಗಣಿಸಲಾಗದು ಎಂದು ಒಂದೇ ಸಾಲಿನ ಉತ್ತರ ಬಂತು. ಮತ್ತೆ ಬರೆದೆ. ಉತ್ತರವೇ ಇಲ್ಲ.

ನಾಲ್ಕು ತಿಂಗಳು ಹುಡುಕಿದ ಮೇಲೆ ಶಂಶಾಬಾದಿನಲ್ಲಿ ಸಿಕ್ಕಳು. ಹೆದ್ದಾರಿ ಪಕ್ಕದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಕೆಲಸ, ತಲೆಯ ಮೇಲೆ ಇಟ್ಟಿಗೆ. ನನ್ನನ್ನು ನೋಡಿ ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಗುಟ್ಟ ಐತೇನ್ರಿ?"

"ಐತಿ ಭೀಮವ್ವ. ಉಳೀತು."

"ಚಲೋ ಆತು." ಆಮೇಲೆ ಹಳೆಯ ಜೋರು ಬಾಯಿ ಬಂತು. "ಎರಡ ಹಾಳಿ ಬರದ್ರಂತಲ್ರಿ. ಕ್ಯಾಂಟೀನಿನವ ಹೇಳಿದ. ನಿಮ್ಮ ತಪ್ಪ ಬರದ್ರಿ, ಅವರ ತಪ್ಪ ಬರದ್ರಿ. 'ಭೀಮವ್ವ ಬ್ಯಾಡ ಅಂದಿದ್ಲು' ಅಂತ ಬರ್ಯಾಕ ಏನ್ ಆಗಿತ್ರಿ ನಿಮಗ? ಶಾಯಿ ತೀರಿತ್ತೇನು?"

ಪರಿಚಯದ ಒಂದು ನರ್ಸರಿಯಲ್ಲಿ ಕೆಲಸ ಗೊತ್ತು ಮಾಡಿ ಬಂದಿದ್ದೆ, ಅದನ್ನು ಹೇಳಿದೆ. "ಬ್ಯಾಡ್ರಿ, ಇಟ್ಟಂಗಿ ಚಲೋ ಅದಾವು. ಇಟ್ಟಲ್ಲಿ ಇರ್ತಾವು, ಸಾಯೂದಿಲ್ಲ," ಎಂದು ಬುಟ್ಟಿಯನ್ನು ತಲೆಗೇರಿಸಿಕೊಂಡು ಹೋದಳು.

ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟು. ಕಾಡನ್ನು ಉಳಿಸಲು ಹೊರಟವನು ಮೊದಲು ಅದನ್ನು ತನಗಿಂತ ಚೆನ್ನಾಗಿ ಬಲ್ಲವರ ಮಾತನ್ನು ಕೇಳಬೇಕು, ಆಮೇಲೆ ಆ ಮಾತು ಯಾರದೆಂದು ಅವರ ಹೆಸರು ಹಾಕಿ ಬರೆಯಬೇಕು. ಸತ್ಯವನ್ನು ಮುಕ್ಕಾಲು ಬರೆದರೆ ಬಿಟ್ಟ ಕಾಲುಭಾಗದ ಭಾರ ಕೈಯಲ್ಲಿ ಪೆನ್ನು ಇಲ್ಲದವರ ತಲೆಯ ಮೇಲೆ ಬೀಳುತ್ತದೆ. ಆ ಕಡತ ಮುಚ್ಚಿದೆ, ಅದರಲ್ಲಿ ಇನ್ನು ಏನನ್ನೂ ಸೇರಿಸಲು ಬಿಡುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಭೀಮವ್ವ ಬೇಡ ಎಂದಿದ್ದಳು. ನಾನು ಕೇಳಲಿಲ್ಲ.